ಅಣ್ಣನ ಬೆನ್ನಿಗೆ ಆರು ಸ್ಕ್ರೂ

ದಂಡಿನಶಿವರದ ಹತ್ತಿರ ನಮ್ಮ ತೋಟದಲ್ಲಿ ಎಳನೀರು ಕೆಡವಲು ಮರ ಹತ್ತಿದ್ದ ಅಣ್ಣ, ಹಿಡಿದಿದ್ದ ಒಣಗರಿ ಕಿತ್ತು ಬಂದು, ಬದುವಿನ ಮೇಲೆ ಬಿದ್ದ. ಸೊಂಟದ ಮೇಲಿನ ಬೆನ್ನುಮೂಳೆ ಪುಡಿಯಾಗಿತ್ತು. ತುಮಕೂರಿನ ಆಸ್ಪತ್ರೆಯವರು ಬೆಂಗಳೂರಿಗೆ ಕಳಿಸಿದರು.

ಅಲ್ಲಿನ ಡಾಕ್ಟರು ನನ್ನನ್ನೂ ಅತ್ತಿಗೆಯನ್ನೂ ಕೂರಿಸಿಕೊಂಡು ಹೇಳಿದರು. "ಆರು ಸ್ಕ್ರೂ ಹಾಕಬೇಕು. ಪಕ್ಕದಲ್ಲೇ ನರ ಇದೆ. ಕೈಯಲ್ಲೂ ಹಾಕಬಹುದು, ರೋಬೋ ಸಹಾಯ ತಗೊಂಡೂ ಹಾಕಬಹುದು. ರೋಬೋದಲ್ಲಿ ಗುರಿ ತಪ್ಪೋದು ಸ್ವಲ್ಪ ಕಮ್ಮಿ ಅಂತಾರೆ. ಆದ್ರೆ ತಪ್ಪೋದೇ ಇಲ್ಲ ಅನ್ನೋಕಾಗಲ್ಲ."

"ನಿಮ್ಮಣ್ಣನೇ ಆಗಿದ್ರೆ ಏನ್ ಮಾಡ್ತಿದ್ರಿ ಸಾರ್?" ಎಂದೆ.

"ಇಷ್ಟು ವರ್ಷ ಕೈಯಲ್ಲೇ ಹಾಕಿದ್ದೀನಿ. ರೋಬೋ ಬಂದು ವರ್ಷ ಆಯ್ತು. ಎರಡೂ ಚೆನ್ನಾಗೇ ಆಗಿವೆ. ನೀವೇ ಹೇಳಬೇಕು."

ಅತ್ತಿಗೆ ನನ್ನ ಕಡೆ ತಿರುಗಿದಳು. "ನೀನು ಓದಿರೋಳು, ನೀನೇ ಹೇಳು ಕಣೇ."

ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡುವವಳು. ಮೂಳೆಯ ವಿಚಾರ ನನಗೇನು ಗೊತ್ತು? ಅಣ್ಣನನ್ನು ಕೇಳಿದರೆ, "ಯಾವ್ದಾದ್ರೂ ಆಗ್ಲಿ ಬುಡು, ಕಾಲು ಆಡಂಗಾದ್ರೆ ಸಾಕು" ಎಂದ. ರೋಬೋ ಎಂದು ಹೇಳಿ ರುಜು ಹಾಕಿದೆ.

ಆಪರೇಷನ್ ಆದ ಮರುದಿನ ಸ್ಕ್ಯಾನ್ ನೋಡಿದಾಗ ಐದು ಸ್ಕ್ರೂ ಸರಿಯಾಗಿದ್ದವು. ಒಂದು ಮಾತ್ರ ಮೂಳೆಯ ಗೋಡೆ ದಾಟಿ ಒಂದಿಷ್ಟು ಹೊರಗೆ ಬಂದಿತ್ತು. ಮತ್ತೆ ಒಳಗೆ ಕರೆದೊಯ್ದು, ಅದನ್ನು ತೆಗೆದು ಕೈಯಿಂದಲೇ ಸರಿಯಾಗಿ ಕೂರಿಸಿದರು. ಬಲಗಾಲು ಚೇತರಿಸಿಕೊಂಡಿತು. ಎಡಪಾದ ಮಾತ್ರ ಮೇಲೇಳಲಿಲ್ಲ.

"ಮೊದಲೇ ಕೈಯಲ್ಲಿ ಹಾಕಿದ್ರೆ ಹಿಂಗಾಗ್ತಿರಲಿಲ್ವಾ ಸಾರ್?"

"ಬಿದ್ದಾಗಲೇ ನರಕ್ಕೆ ಪೆಟ್ಟಾಗಿತ್ತಮ್ಮ. ಸ್ಕ್ರೂನಿಂದ ಆಯ್ತೋ ಇಲ್ವೋ, ನಾನು ಖಚಿತವಾಗಿ ಹೇಳಲಾರೆ."

ಅವರು ಸುಳ್ಳು ಹೇಳಲಿಲ್ಲ. ಹೇಳಿದ್ದರೆ ಯಾರನ್ನಾದರೂ ಬೈದುಕೊಂಡು ಹಗುರಾಗುತ್ತಿದ್ದೆನೇನೋ.

ಊರಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಅಣ್ಣ ಕೇಳಿದ, "ಆ ರೋಬೋ ಹೆಂಗಿತ್ತೇ?"

"ನಾನು ನೋಡ್ಲಿಲ್ಲ ಕಣಣ್ಣ. ನಮ್ಮನ್ನ ಒಳಗೆ ಬುಡ್ಲಿಲ್ಲ."

"ನಾನೂ ನೋಡ್ಲಿಲ್ಲ. ಮಂಪರು ಬರೋ ಔಷಧಿ ಕೊಟ್ಟುಬುಟ್ಟಿದ್ರು."

ಈಗ ವಾಕರ್ ಹಿಡಿದು ಅಂಗಳದವರೆಗೆ ನಡೆಯುತ್ತಾನೆ. ಅತ್ತಿಗೆ ಒಂದು ದಿನವೂ ನನ್ನನ್ನು ದೂರಿಲ್ಲ. ಬೆಳಿಗ್ಗೆ ಅವನ ಸೊಂಟಕ್ಕೆ ಬೆಲ್ಟು ಬಿಗಿಯುವಾಗ ಒಂದು ತುದಿ ನನ್ನ ಕೈಗೆ ಕೊಡುತ್ತಾಳೆ. ಹಿಡಿದುಕೊಂಡು ನಿಲ್ಲುತ್ತೇನೆ.