ಬೆಳ್ಳಾವಿಯಲ್ಲಿ ಹಿಮ

"ಬಣ್ಣ ಹಸಿ ಐತೆ ಮೇಡಂ, ಸಾಯಂಕಾಲದವರ್ಗೂ ಬಾಗ್ಲು ಹಾಕ್ಬೇಡಿ" ಎಂದು ಹೇಳಿದ ಪೇಂಟರ್, ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಕೈ ಒರೆಸಿಕೊಂಡು, ಆ ಬಟ್ಟೆಯನ್ನು ಹೊಸ್ತಿಲ ಪಕ್ಕದಲ್ಲೇ ಬಿಟ್ಟು ಇನ್ನೊಂದು ಕೆಲಸಕ್ಕೆ ಹೊರಟುಹೋದ. ಸಂಕ್ರಾಂತಿಗೆ ಮುಂಚೆ ಮುಂಬಾಗಿಲಿಗೆ ಬಣ್ಣ ಆಗಲೇಬೇಕೆಂದು ಹಟ ಹಿಡಿದವಳು ಅಮ್ಮ. ಹಟ ಹಿಡಿದು, ಗುಬ್ಬಿಯ ಚಿಕ್ಕಮ್ಮನ ಮನೆಗೆ ಅವರೆಕಾಯಿ ಸುಲಿಯಲು ಹೋಗಿ ಕೂತಿದ್ದಳು. ತುಮಕೂರಿನ ಮನೆಯಲ್ಲಿ ಇವತ್ತು ಮಧ್ಯಾಹ್ನ ನಾನೊಬ್ಬಳೇ. ಹಾರುಹೊಡೆದ ಬಾಗಿಲಿನ ಎದುರು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ನನ್ನ ಮನೆಯನ್ನು ನಾನೇ ಕಾಯುತ್ತ ಕೂತೆ.

ನಿಮಗೆ ನನ್ನ ಪರಿಚಯವಿಲ್ಲವಾದ್ದರಿಂದ ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಹುಟ್ಟಾ ಪುಕ್ಕಲಿ. ಕುಕ್ಕರ್ ಕೂಗುವಾಗ ಅಡುಗೆಮನೆಯಲ್ಲಿ ನಿಲ್ಲುವುದಿಲ್ಲ. ಲಿಫ್ಟಿನಲ್ಲಿ ಒಬ್ಬಳೇ ಹೋಗುವುದಿಲ್ಲ. ಹಗ್ಗ ಕಂಡು ಹಾವೆನ್ನುವವರು ಉಂಟಲ್ಲ, ನಾನು ಹಗ್ಗ ಮಾರುವ ಅಂಗಡಿಯ ಮುಂದೆಯೇ ಹಾಯುವುದಿಲ್ಲ. ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಮೊದಲ ಸಲಕ್ಕೆ ಎತ್ತುವುದಿಲ್ಲ. ದೆವ್ವವಾದರೆ ಒಂದೇ ಸಲ ಕೂಗುತ್ತದೆ, ಮನುಷ್ಯರಾದರೆ ಇನ್ನೊಮ್ಮೆ ಕೂಗುತ್ತಾರೆ ಎಂದು ಚಿಕ್ಕಂದಿನಲ್ಲಿ ಕಲಿತದ್ದು ಇನ್ನೂ ಬಿಟ್ಟುಹೋಗಿಲ್ಲ. ಮನೆಯಿಂದ ಹೊರಟರೆ ಬೀಗ ಜಗ್ಗಿ ನೋಡಿ, ಗೇಟಿನವರೆಗೆ ಹೋಗಿ, ತಿರುಗಿ ಬಂದು ಮತ್ತೆ ಜಗ್ಗುತ್ತೇನೆ. "ಆ ಬೀಗ ಕಳ್ಳರು ಒಡೆಯಲ್ಲ ಕಣೇ, ನೀನೇ ಎಳೆದೆಳೆದು ಕಿತ್ತಾಕ್ತೀಯ" ಎನ್ನುತ್ತಾಳೆ ಅಮ್ಮ.

ಇಂಥವಳು ತೆರೆದ ಬಾಗಿಲಿಗೆ ಕಾವಲು ಕೂತರೆ ಪುಸ್ತಕ ಓದಲಾಗುತ್ತದೆಯೆ? ಹೊಸ್ತಿಲ ಬಳಿಯ ಬಟ್ಟೆಯಿಂದ ಸೀಮೆಎಣ್ಣೆಯ ವಾಸನೆ ಬರುತ್ತಲೇ ಇತ್ತು. ಈಗ ಆ ವಾಸನೆಯೇ ಅಪರೂಪ. ರೇಷನ್ ಅಂಗಡಿಯ ಕ್ಯೂ, ತಗಡಿನ ಡಬ್ಬ, ಬತ್ತಿ ಸ್ಟೌವು, ಎಲ್ಲ ಹೋದವು. ನಮ್ಮ ಮನೆಗೆ ಮಾತ್ರ ಅದು ಮತ್ತೆ ಬಂದದ್ದು ನನ್ನ ತಮ್ಮ ಲೋಕಿಯ ಜೊತೆ. ಅವನು ಸೈನ್ಯದಲ್ಲಿದ್ದಾನೆ. ಮೊದಲ ಸಲ ಎತ್ತರದ ಗಡಿಠಾಣೆಯಿಂದ ರಜೆಗೆ ಬಂದು ಬ್ಯಾಗು ಬಿಚ್ಚಿದಾಗ ಸ್ವೆಟರು, ಕಾಲುಚೀಲ, ಕೊನೆಗೆ ಅಮ್ಮನಿಗೆಂದು ತಂದಿದ್ದ ಒಣದ್ರಾಕ್ಷಿ ಕೂಡ ಸೀಮೆಎಣ್ಣೆ ನಾರುತ್ತಿದ್ದವು.

"ಏನ್ಲಾ ಇದು, ಸೀಮೆಎಣ್ಣೆ ಕುಡ್ಕೊಂಡು ಬದುಕಿದ್ಯಾ?" ಎಂದಳು ಅಮ್ಮ.

"ಹೆಚ್ಚೂಕಮ್ಮಿ ಹಂಗೇ ಕಣಮ್ಮ" ಎಂದ ಲೋಕಿ. "ಅಲ್ಲಿ ಹಿಮ ಕರಗಿಸಿದ್ರೇ ನೀರು. ಸೀಮೆಎಣ್ಣೆ ಇಲ್ಲ ಅಂದ್ರೆ ಬೆಂಕಿ ಇಲ್ಲ, ಬೆಂಕಿ ಇಲ್ಲ ಅಂದ್ರೆ ಕುಡಿಯೋಕೆ ನೀರೂ ಇಲ್ಲ. ಅಕ್ಕಿ ಮೂಟೆ ಪಕ್ಕದಲ್ಲೇ ಇದ್ರೂ ಅದು ಬರೀ ಕಲ್ಲು."

ಅಮ್ಮ ಆ ಸ್ವೆಟರನ್ನು ಸೀಗೆಪುಡಿಯಲ್ಲಿ ನೆನೆಹಾಕಿ, ಶಾಂಪೂ ಹಾಕಿ, ಬಿಸಿಲಿಗೆ ಹರವಿ ಸೋತಳು. ವಾಸನೆ ಹೋಗಲಿಲ್ಲ. ಈ ದೀಪಾವಳಿ ಕಳೆದ ಮೇಲೆ ಅವನು ಮತ್ತೆ ಅಂಥದೇ ಎತ್ತರಕ್ಕೆ ಹೋದ. ಎಲ್ಲಿಗೆ ಎಂದು ನಾವು ಕೇಳಬಾರದು, ಅವನು ಹೇಳಬಾರದು. ಹೆಲಿಕಾಪ್ಟರೂ ಹವಾ ಒಳ್ಳೆಯದಿದ್ದರೆ ಮಾತ್ರ ಬರುವ ಜಾಗ ಎಂದಷ್ಟೇ ಹೇಳಿ ನಕ್ಕಿದ್ದ. ನಗುವ ಸಂಗತಿಯೆ ಅದು?

ನನ್ನದೂ ಒಂದು ಗುಟ್ಟಿತ್ತು. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಹೇಳಿಕೊಡುತ್ತಿದ್ದ ನಾನು ಅದನ್ನು ಬಿಟ್ಟು, ಬಿ.ಎಚ್. ರಸ್ತೆಯ ಬದಿಯ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿರುವ ಸಣ್ಣ ಕಂಪನಿಗೆ ಸೇರಿದ್ದೆ. ಯಾರಾದರೂ ಏನು ಕೆಲಸವೆಂದರೆ "ಸಾಗಾಣಿಕೆಯ ಲೆಕ್ಕ" ಎನ್ನುತ್ತೇನೆ. ಅವರು ಲಾರಿ ಆಫೀಸು ಎಂದುಕೊಂಡು ಸುಮ್ಮನಾಗುತ್ತಾರೆ. ನಿಜವಾಗಿ ಅದು ಸೈನ್ಯದ ಸಾಗಾಣಿಕೆ. ಬೆಟ್ಟಗಳ ಮೇಲಿನ ಠಾಣೆಗಳಿಗೆ ಅಕ್ಕಿ, ಔಷಧಿ, ಸೀಮೆಎಣ್ಣೆ ಹೋಗಬೇಕು. ರಸ್ತೆ ಇರುವಷ್ಟು ದೂರ ಲಾರಿ, ಆಮೇಲೆ ಹೇಸರಗತ್ತೆ, ಅದೂ ಹತ್ತದಿದ್ದರೆ ಹೆಲಿಕಾಪ್ಟರ್, ಈಗ ಹೊಸದಾಗಿ ಹೊರೆ ಹೊರುವ ಡ್ರೋನ್. ಯಾವ ವಾರ ಯಾವ ಠಾಣೆಗೆ ಏನನ್ನು ಯಾವುದರ ಮೇಲೆ ಕಳಿಸಬೇಕೆಂದು ಹವಾಮಾನ ನೋಡಿ ಕಂಪ್ಯೂಟರೇ ಹೇಳುವಂತೆ ನಾವು ಪ್ರೋಗ್ರಾಂ ಮಾಡುತ್ತಿದ್ದೆವು. ಹೊರಗೆ ಬಾಯಿಬಿಡುವುದಿಲ್ಲ ಎಂದು ಸಹಿ ಹಾಕಿಕೊಟ್ಟಿದ್ದೆ. ಹೀಗಾಗಿ ತಮ್ಮ ಎಲ್ಲಿದ್ದಾನೆಂದು ಅಕ್ಕನಿಗೆ ಗೊತ್ತಿಲ್ಲ, ಅಕ್ಕ ಏನು ಮಾಡುತ್ತಾಳೆಂದು ತಮ್ಮನಿಗೆ ಗೊತ್ತಿಲ್ಲ. ಮಧ್ಯೆ ಅಮ್ಮ ಇಬ್ಬರಿಗೂ ಚಟ್ನಿಪುಡಿ ಕುಟ್ಟುತ್ತಿದ್ದಳು.

ನಮ್ಮ ಕಂಪನಿಗೆ ಬುದ್ಧಿ ಹೇಳಲು ಇದ್ದವರು ಕುಣಿಗಲ್ಲಿನ ರಂಗಸ್ವಾಮಯ್ಯ. ಸೈನ್ಯಕ್ಕೆ ರೇಷನ್ ಒದಗಿಸುವ ವಿಭಾಗದಲ್ಲಿ ಸುಬೇದಾರರಾಗಿದ್ದು ನಿವೃತ್ತರಾದವರು. ಪರೀಕ್ಷೆಗೆಂದು ನಮಗೆ ಕೊಟ್ಟ ನಕ್ಷೆಯಲ್ಲಿ ಎತ್ತರ, ಹಿಮ, ಗಾಳಿ ಎಲ್ಲ ಇತ್ತು, ಹೆಸರುಗಳು ಮಾತ್ರ ಇರಲಿಲ್ಲ. "ನಿಜವಾದ ಹೆಸ್ರು ನಿಮ್ಗೆ ಬ್ಯಾಡ, ನಮ್ಮೂರುಗಳ ಹೆಸ್ರೇ ಇಟ್ಕಳಿ" ಎಂದು ಅವರೇ ನಾಮಕರಣಕ್ಕೆ ಕೂತರು. ಹೆಲಿಕಾಪ್ಟರ್ ಇಳಿಯುವ ಜಾಗ ಗುಬ್ಬಿ, ಯಾಕೆಂದರೆ ಆ ತಾಲ್ಲೂಕಿನಲ್ಲಿ ಹೆಲಿಕಾಪ್ಟರ್ ಕಾರ್ಖಾನೆಯಿದೆ. ಹೇಸರಗತ್ತೆಗಳ ಲಾಯ ಕುಣಿಗಲ್. ಕುದುರೆ ಫಾರಂ ಇರುವ ತಮ್ಮ ಊರಿಗೆ ಆ ಗೌರವ ಸಿಗಲೇಬೇಕೆಂದು ಅವರ ವಾದ. ಲಾರಿ ನಿಲ್ಲುವ ಕಡೆ ಹೆದ್ದಾರಿಯ ಕೋರ. ಡ್ರೋನ್ ಹಾರುವ ಕಡೆ ಹಿರೇಹಳ್ಳಿ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಕೊನೆಗೆ ಒಂದು ಪುಟ್ಟ ಠಾಣೆ ಉಳಿದಿತ್ತು. ಅದಕ್ಕೆ ಹೆಸರಿಟ್ಟವಳು ನಾನು. ಬೆಳ್ಳಾವಿ. ನಾನೂ ಲೋಕಿಯೂ ಹುಟ್ಟಿ ಬೆಳೆದ ಊರು.

ಆಮೇಲೆ ಕೆಲವು ತಿಂಗಳು ನಮ್ಮ ಆಫೀಸಿನಲ್ಲಿ ನಡೆದ ಮಾತುಗಳನ್ನು ನೀವು ಕೇಳಬೇಕಿತ್ತು. "ಮೇಡಂ, ಗುಬ್ಬೀಲಿ ಹಿಮ ಸುರೀತಿದೆ, ಹೆಲಿಕಾಪ್ಟರ್ ಏಳಲ್ಲ." "ಕೋರದ ಹತ್ರ ಹಿಮ ಕುಸಿದು ರಸ್ತೆ ಬಂದ್." "ಕುಣಿಗಲ್ ಕತ್ತೆಗಳಿಗೆ ನೆಗಡಿ." ಬೆಳ್ಳಾವಿಯಲ್ಲಿ ನೀರು ಕಲ್ಲಾಗುವ ಚಳಿ ಎಂದು ತೆರೆಯ ಮೇಲೆ ಓದಿದ ದಿನ, ನಮ್ಮೂರಿನ ಮಾರ್ಚ್ ತಿಂಗಳ ಬಿಸಿಲನ್ನು ನೆನೆದು ನಾನು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಿದ್ದೆ.

ನಗು ನಿಂತದ್ದು ಒಂದು ಇಡೀ ಚಳಿಗಾಲವನ್ನು ಪ್ರೋಗ್ರಾಂ ಮೇಲೆ ಓಡಿಸಿ ನೋಡಿದ ದಿನ. ಸಾಮಾನು ತಲುಪುವ ಠಾಣೆ ಹಸಿರಾಗುತ್ತದೆ, ತಲುಪದ್ದು ಬೂದಿ ಬಣ್ಣಕ್ಕೆ ತಿರುಗುತ್ತದೆ. ಮೊದಲ ವಾರ ಬೆಳ್ಳಾವಿ ಬೂದಿ. ಪಕ್ಕದಲ್ಲಿ 'ಮುಂದಿನ ವಾರ' ಎಂಬ ಅರ್ಥದ ಎರಡು ಇಂಗ್ಲಿಷ್ ಪದ. ಸರಿ, ಎಂದುಕೊಂಡೆ. ಮುಂದಿನ ವಾರವೂ ಬೂದಿ, ಅದೇ ಎರಡು ಪದ. ಅದರ ಮುಂದಿನ ವಾರವೂ ಅಷ್ಟೇ. ಚಳಿಗಾಲ ಮುಗಿಯಿತು. ಬೆಳ್ಳಾವಿ ಒಮ್ಮೆಯೂ ಹಸಿರಾಗಲಿಲ್ಲ.

"ತಪ್ಪೇನಿಲ್ಲ ಮೇಡಂ" ಎಂದ ಪ್ರೋಗ್ರಾಂ ಬರೆದ ವಿನಯ್. ಒಳ್ಳೆಯ ಹುಡುಗ, ಯಾರಿಗೂ ಕೇಡು ಬಯಸುವವನಲ್ಲ. "ಬೆಳ್ಳಾವಿಗೆ ಒಂದು ಟ್ರಿಪ್ ಹೋಗೋ ಟೈಮಲ್ಲಿ ಕೆಳಗಿನ ಎರಡು ಠಾಣೆಗೆ ಕೊಟ್ಟು ಬರಬಹುದು. ಅದಕ್ಕೆ ಅದು ಪ್ರತಿ ವಾರ ಬೆಳ್ಳಾವೀನ ಮುಂದಕ್ಕೆ ಹಾಕುತ್ತೆ. ತಲುಪಿದ ಸಾಮಾನಿನ ಟೋಟಲ್ ಎಷ್ಟು ಚೆನ್ನಾಗಿ ಬಂದಿದೆ ನೋಡಿ."

ಟೋಟಲ್ ನಿಜವಾಗಿಯೂ ಚೆನ್ನಾಗಿತ್ತು. ಅದರಿಂದಲೇ ನನಗೆ ಹೆಚ್ಚು ಭಯವಾದದ್ದು. ಏಕೆಂದರೆ ಅಂಥವೇ ಎರಡು ಪದಗಳನ್ನು ನಾನು ಹಿಂದೆಯೇ ಕಂಡಿದ್ದೆ. ಕಂಡಿದ್ದೇನು, ನಾನೇ ಬರೆದಿದ್ದೆ, ಕನ್ನಡದಲ್ಲಿ, ಇದ್ದಿಲಿನಿಂದ, ನಮ್ಮ ಬೆಳ್ಳಾವಿಯ ಮನೆಯ ಬಾಗಿಲ ಮೇಲೆ.

ನಾನು ಚಿಕ್ಕವಳಿದ್ದಾಗಿನ ಮಾತು, ನಿಮ್ಮ ಊರಿಗೂ ಆಗ ಆ ದೆವ್ವ ಬಂದಿರಬೇಕು. ಮನೆಮನೆಯ ಬಾಗಿಲು ತಟ್ಟಿ, ಮನೆಯವರದೇ ದನಿಯಲ್ಲಿ ಹೆಸರು ಹಿಡಿದು ಕೂಗುತ್ತದೆ, ತೆಗೆದರೆ ಮುಗಿಯಿತು. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರೆ ಓದಿಕೊಂಡು ಹಿಂದೆ ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ಬೀದಿಗೆ ಬೀದಿಯೇ ಬರೆದುಕೊಂಡಿತು. ನಮ್ಮ ಮನೆಯಲ್ಲಿ ಅಕ್ಷರ ದುಂಡಗಿದ್ದದ್ದು ನನ್ನದು, ಹಾಗಾಗಿ ಕೆಲಸ ನನಗೆ ಬಂತು. ಭಯದಲ್ಲೂ ನನಗೆ ಹೆಮ್ಮೆ. ದೆವ್ವ ಓದುವುದಾದರೆ ನಮ್ಮ ಬಾಗಿಲನ್ನೇ ಮೊದಲು ಓದಬೇಕು ಎನ್ನುವಷ್ಟು ಚೆಂದ ಬರೆದಿದ್ದೆ. ಲೋಕಿ ಆಗ ಇನ್ನೂ ಒಂದನೇ ಕ್ಲಾಸು. ಪಕ್ಕದಲ್ಲಿ ನಿಂತು ನೋಡುತ್ತಿದ್ದ.

"ಅಕ್ಕಾ, ಅದು ದಿನಾ ಬರ್ತದಾ?"

"ಹೂಂ."

"ದಿನಾ ನಾಳೆ ಅಂತಾನೇ ಇರ್ತದಾ?"

"ಹೂಂ ಕಣೋ."

"ಮತ್ತೆ ಅದು ಊಟ ಮಾಡೋದು ಯಾವಾಗ?"

ನಾನು ಗದರಿಸಿದೆ. ಬೆಳಗಾಗೆದ್ದು ಅಮ್ಮ ನೀರು ಹಾಕಲು ಬಾಗಿಲು ತೆಗೆದವಳು ಕಿಟಾರನೆ ಕಿರುಚಿದಳು. ಯಾರೋ 'ನಾಳೆ'ಯನ್ನು ಎಂಜಲು ಹಚ್ಚಿ ಉಜ್ಜಿ ಅಳಿಸಿದ್ದರು. ನನ್ನ ದುಂಡಗಿನ ಅಕ್ಷರದಲ್ಲಿ 'ಬಾ' ಒಂದೇ ಉಳಿದಿತ್ತು. ಇಡೀ ರಾತ್ರಿ ನಮ್ಮ ಬಾಗಿಲು ದೆವ್ವವನ್ನು ಬಾ ಎಂದು ಕರೆದಿತ್ತು, ಒಳಗೆ ನಾವು ನಿದ್ದೆ ಹೊಡೆದಿದ್ದೆವು. ಲೋಕಿಯ ಅಂಗಿಯ ತೋಳು ಕಪ್ಪಾಗಿತ್ತು. ಅಮ್ಮ ಅವನಿಗೆ ಕೊಟ್ಟ ಏಟು ಬೀದಿಗೆಲ್ಲ ಕೇಳಿಸಿತು. "ಪಾಪ, ಅದಕ್ಕೆ ಹಸಿವಾಗಿತ್ತು" ಎಂದು ಅಳುತ್ತಲೇ ಹೇಳಿದ. ಮೆಟ್ಟಿಲ ಮೇಲೆ ಅರ್ಧ ರಾಗಿರೊಟ್ಟಿಯನ್ನೂ ಇಟ್ಟಿದ್ದನಂತೆ. ರೊಟ್ಟಿ ಇರಲಿಲ್ಲ. ನಾಯಿ ತಿಂದಿರಬೇಕು. ನಾನು ಮಾತ್ರ ಬಹಳ ದಿನ ಆ ಮೆಟ್ಟಿಲನ್ನು ತುಳಿಯದೆ ಹಾರಿಯೇ ಹೊರಗೆ ಹೋಗುತ್ತಿದ್ದೆ.

ಆ ಲೋಕಿ ಈಗ ಎಲ್ಲೋ ಒಂದು ಬೆಟ್ಟದ ತುದಿಯಲ್ಲಿ ಸೀಮೆಎಣ್ಣೆಗೆ ಕಾಯುವವನು. ನಮ್ಮ ಕಂಪ್ಯೂಟರು ವಾರವಾರವೂ ಅಚ್ಚುಕಟ್ಟಾಗಿ ಅವನಂಥವರಿಗೆ ನಾಳೆ ಬಾ ಎಂದು ಬರೆಯುತ್ತಿದೆ. ಇದನ್ನು ವಿನಯ್‌ಗೆ ಹೇಗೆ ಹೇಳುವುದು? ದೆವ್ವದ ಕಥೆ ಹೇಳಿದರೆ ನಗುತ್ತಾನೆ. ಹೇಳಿದೆ, ನಕ್ಕ. ರಂಗಸ್ವಾಮಯ್ಯನವರು ನಗಲಿಲ್ಲ. ಕನ್ನಡಕ ಹಾಕಿಕೊಂಡು ಆ ಬೂದಿ ಚುಕ್ಕೆಯನ್ನು ನೋಡಿದರು.

"ನಾನು ಅಂಥ ಕಡೆ ಒಂದು ಚಳಿಗಾಲ ಇದ್ದೆ ಕಣ್ರೀ" ಎಂದರು. "ಹಸಿವು ಹೆಂಗೋ ತಡೀಬೋದು. ಹೆಲಿಕಾಪ್ಟರ್ ಸದ್ದು ಬಂದಂಗಾಯ್ತದೆ, ಎಲ್ರೂ ಬೂಟು ಹಾಕ್ಕಂಡು ಹೊರಗೆ ಓಡ್ತೀವಿ. ನೋಡಿದ್ರೆ ಬರೀ ಗಾಳಿ. ಯಾರ ಮುಖಾನೂ ಯಾರೂ ನೋಡಲ್ಲ ಆಗ. ಕೆಳಗೆ ಸಾಮಾನು ರಾಶಿ ಬಿದ್ದಿರ್ತದೆ. ದೇವ್ರು ಕೊಟ್ರೂ ಪೂಜಾರಿ ಕೊಡ."

ಆಮೇಲೆ ಮೂವರೂ ಕೂತು ಒಂದು ನಿಯಮ ಸೇರಿಸಿದೆವು. ಒಂದು ಠಾಣೆಯನ್ನು ಮುಂದಕ್ಕೆ ಹಾಕಿದಷ್ಟೂ ಅದರ ಹಕ್ಕು ಬಲವಾಗುತ್ತ ಹೋಗಬೇಕು. ಕಾದವರು ಸಾಲಿನ ಮುಂದಕ್ಕೆ ಬರಬೇಕು. ಮತ್ತೆ ಚಳಿಗಾಲ ಓಡಿಸಿದಾಗ ಬೆಳ್ಳಾವಿ ಹಸಿರಾಯಿತು. ಟೋಟಲ್ ಇಳಿಯಿತು. ಇಳಿದ ಟೋಟಲ್ ತೋರಿಸಿದರೆ ಯಾರು ಕೊಳ್ಳುತ್ತಾರೆ ಎಂದು ಕಂಪನಿಯವರು ಚಿಂತೆಗೆ ಬಿದ್ದರು. ಕೊನೆಗೆ ನಮ್ಮ ನಿಯಮವನ್ನು ಒಂದು ಸ್ವಿಚ್ಚಿನ ಹಾಗೆ ಇಟ್ಟರು, ಬೇಕಾದವರು ಹಾಕಿಕೊಳ್ಳಲಿ, ಬೇಡವಾದವರು ಆಫ್ ಮಾಡಲಿ ಎಂದು. ನಾವು ಹಾಕಿಯೇ ಕಳಿಸಿದೆವು. ಈ ಚಳಿಗಾಲದಲ್ಲಿ ಎಲ್ಲೋ ಒಂದು ಕಡೆ ಅದನ್ನು ಪ್ರಯೋಗಕ್ಕೆ ಇಟ್ಟಿದ್ದಾರೆ ಎಂದು ಮೊನ್ನೆ ರಂಗಸ್ವಾಮಯ್ಯ ಹೇಳಿದರು. ಎಲ್ಲಿ ಎಂದು ಕೇಳಿದೆ. ಅವರಿಗೂ ಹೇಳಿರಲಿಲ್ಲ. ಅಂದಿನಿಂದ ನನಗೆ ಊಟ ಸೇರುತ್ತಿಲ್ಲ. ಅಲ್ಲಿ ಆ ಸ್ವಿಚ್ಚಿನ ಮೇಲೆ ಯಾರ ಬೆರಳಿದೆಯೋ, ಟೋಟಲ್ ನೋಡಿ ಆಸೆಪಟ್ಟರೋ ಏನೋ.

ಕುರ್ಚಿಯಲ್ಲಿ ಕೂತು ಇಷ್ಟೆಲ್ಲ ನೆನೆಯುವಷ್ಟರಲ್ಲಿ ಮಡಿಲಲ್ಲಿದ್ದ ಫೋನ್ ಹೊಡೆದುಕೊಂಡಿತು. ಉದ್ದನೆಯ, ಗುರುತಿಲ್ಲದ ನಂಬರು. ಎರಡನೆಯ ಸಲಕ್ಕೆ ನಾನು ಕಾಯಲಿಲ್ಲ.

"ಅಕ್ಕಾ, ಕೇಳಿಸ್ತಿದೆಯಾ?" ಲೋಕಿಯ ದನಿ, ಬಾವಿಯೊಳಗಿಂದ ಬಂದಂತೆ.

"ಕೇಳಿಸ್ತಿದೆ ಕಣೋ. ಹೆಂಗಿದೀಯ?"

"ಚೆನ್ನಾಗಿದೀನಿ. ಅಮ್ಮ ಎಲ್ಲಿ?"

"ಗುಬ್ಬೀಲಿ ಅವರೆಕಾಯಿ ಸುಲೀತಾವ್ಳೆ."

ಅವನ ನಗು ಸ್ವಲ್ಪ ತಡವಾಗಿ ಬಂತು. ಅಷ್ಟು ದೂರದಿಂದ ಎಲ್ಲವೂ ತಡವಾಗಿಯೇ ಬರುತ್ತದೆ.

"ಲೋಕಿ, ಸೀಮೆಎಣ್ಣೆ ಇದೆಯೇನೋ?"

ಮತ್ತೆ ತಡ. ಈ ತಡ ಲೈನಿನದೋ ಅವನದೋ ತಿಳಿಯಲಿಲ್ಲ.

"ಇದೆ, ಇದೆ. ಕೈ ಹಿಡಿದು ಉರಿಸ್ತಿದೀವಿ. ಮುಂದಿನ ವಾರ ಬರುತ್ತಂತೆ."

"ಹೋದ ವಾರ ಏನಂದಿದ್ರು?"

"ಹೋದ ವಾರಾನೂ ಮುಂದಿನ ವಾರ ಅಂದಿದ್ರು. ಬರ್ತದೆ ಬುಡಕ್ಕ. ನೀನ್ಯಾಕೆ ಪೊಲೀಸ್ನೋರ ತರ ಕೇಳ್ತೀಯ?"

"ಹುಷಾರು ಕಣೋ" ಎಂದೆ. ಅವನಿಗೆ ಕೊಟ್ಟಿದ್ದ ಸಮಯ ಮುಗಿಯಿತು.

ಬರೀ ಹವಾಮಾನದ ದೋಷ ಇರಬಹುದು. ಅವನಿರುವ ಕಡೆಗೂ ನಮ್ಮ ಪ್ರೋಗ್ರಾಮಿಗೂ ಸಂಬಂಧವೇ ಇಲ್ಲದಿರಬಹುದು. ಹಗ್ಗವೇ ಇರಬಹುದು. ಆದರೆ ಈ ಸಲ ದೂರ ನಿಂತು ಹೆದರಿಕೊಂಡಿರಲು ನನ್ನಿಂದಾಗಲಿಲ್ಲ. ರಂಗಸ್ವಾಮಯ್ಯನವರಿಗೆ ಫೋನ್ ಮಾಡಿ, ಆಫೀಸಿಗೆ ಬನ್ನಿ, ನಿಮಗೆ ಗೊತ್ತಿರುವವರನ್ನೆಲ್ಲ ಹಿಡಿದು ಆ ಸ್ವಿಚ್ಚು ಹಾಕಿದೆಯೋ ಇಲ್ಲವೋ ಇವತ್ತೇ ಕೇಳಬೇಕು ಎಂದೆ. ನನ್ನ ದನಿ ಕೇಳಿ ಅವರು ಕಾರಣ ಕೇಳಲಿಲ್ಲ. ಚಪ್ಪಲಿ ಮೆಟ್ಟಿ ಓಡಿ ಆಟೋ ಹತ್ತಿದೆ.

ಬಿ.ಎಚ್. ರಸ್ತೆಯ ತಿರುವಿಗೆ ಬಂದಾಗ ನೆನಪಾಯಿತು. ಮನೆಯಲ್ಲಿ ಯಾರೂ ಇಲ್ಲ, ಬಾಗಿಲು ಹಾರುಹೊಡೆದಿದೆ. ಅಯ್ಯೋ ಎಂದದ್ದು ಬಾಯಿಂದ ಹೊರಗೇ ಬಂದಿರಬೇಕು.

"ಯಾಕ್ ಮೇಡಂ, ಏನಾರ ಮರ್ತ್ರಾ? ವಾಪಸ್ ತಿರುಗಿಸ್ಲಾ?" ಎಂದ ಆಟೋದವನು.

"ಬೇಡ" ಎಂದೆ. "ತೆಗೆದೇ ಇರಲಿ. ನೀವು ಬೇಗ ನಡೀರಿ."