ನಾಲ್ಕು ಬೆರಳು ತೆರೆಯುವ ಜಿಪ್

ಹಾಸಿಗೆಯ ಮೂಲೆಯಲ್ಲಿದ್ದ ಜಿಪ್ ನಾಲ್ಕು ಬೆರಳಿನಷ್ಟು ಮಾತ್ರ ತೆರೆಯುತ್ತಿತ್ತು. ಅದರಾಚೆಗೆ ದಾರ ಹಾಕಿ ಹೊಲಿದಿದ್ದರು. ಅಂಗಡಿಯಲ್ಲಿ ನಾನೇ ಅದನ್ನು ಎಳೆದು, ಒಳಗೆ ಸಾಲಾಗಿ ತೂತುಗಳಿದ್ದ ಬಿಳಿ ರಬ್ಬರನ್ನು ಒತ್ತಿ ನೋಡಿ, ಆಗಬಹುದು ಎಂದಿದ್ದೆ. ಉಳಿದದ್ದನ್ನು ಯಾಕೆ ಹೊಲಿದಿದ್ದೀರಿ ಎಂದು ಕೇಳಲಿಲ್ಲ.

ಇದು ಕಳೆದ ವರ್ಷದ ಮಾತು. ನಾನು ಸಕಲೇಶಪುರದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಫಿಸಿಯೋಥೆರಪಿಸ್ಟ್. ಆಗ ಕೆಲಸಕ್ಕೆ ಸೇರಿ ಮೂರನೇ ವರ್ಷ. ಕ್ಲಿನಿಕ್ಕಿಗೆ ಬರಲಾಗದವರಿಗೆ ವಾರದಲ್ಲಿ ಎರಡು ದಿನ ಅವರ ಮನೆಗೇ ಹೋಗಿ ವ್ಯಾಯಾಮ ಮಾಡಿಸುತ್ತೇನೆ. ಹಾಗೆ ಹೋಗುತ್ತಿದ್ದ ಮನೆಗಳಲ್ಲಿ ಬೆಳಗೋಡಿನ ಹತ್ತಿರದ ಈರಯ್ಯನವರದ್ದೂ ಒಂದು.

ಈರಯ್ಯನವರಿಗೆ ಅರವತ್ನಾಲ್ಕು. ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು ಸೊಂಟದ ಹತ್ತಿರ ಕಂಪ್ರೆಶನ್ ಫ್ರ್ಯಾಕ್ಚರ್ ಆಗಿತ್ತು. ಅಂದರೆ ಬೆನ್ನುಮೂಳೆಯ ಒಂದು ಮಣಿ ಒತ್ತಿಕೊಂಡು ಕುಗ್ಗಿತ್ತು. ಹತ್ತು ವಾರ ಬೆಲ್ಟ್ ಕಟ್ಟಿಕೊಂಡಿದ್ದರು. ಗೋಡೆ ಹಿಡಿದು ನಡೆಯುವಷ್ಟಾದ ಮೇಲೆ ಉಳಿದದ್ದು ಒಂದೇ ಗುರಿ: ಯಾರ ಕೈಯೂ ಇಲ್ಲದೆ ಹಾಸಿಗೆಯಿಂದ ಎದ್ದು ಬಚ್ಚಲಿಗೆ ಹೋಗುವುದು. ಅಲ್ಲಿಯವರೆಗೆ ಅವರನ್ನು ಎಬ್ಬಿಸುತ್ತಿದ್ದವಳು ಸೊಸೆ ಸವಿತಾ. ಅವಳನ್ನು ಕರೆಯುವಾಗ ಅವರು ಗೋಡೆಯ ಕಡೆ ನೋಡುತ್ತಿದ್ದರು.

ಬೆನ್ನು ತಿರುಚದೆ ಏಳುವ ವಿಧಾನಕ್ಕೆ ಲಾಗ್ ರೋಲ್ ಎನ್ನುತ್ತೇವೆ. ಮರದ ದಿಮ್ಮಿ ಉರುಳುವಂತೆ ಭುಜ, ಸೊಂಟ, ಮೊಣಕಾಲು ಒಟ್ಟಿಗೆ ಮಗ್ಗುಲಾಗಬೇಕು. ಆಮೇಲೆ ಮೊಣಕೈ ಊರಿ ಏಳಬೇಕು. ಅದಕ್ಕೆ ಕೆಳಗಿನ ಹಾಸಿಗೆ ತಿರುಗಿ ಒತ್ತಡ ಕೊಡಬೇಕು. ಅವರ ಹಳೆಯ ಹತ್ತಿ ಹಾಸಿಗೆಯ ನಡುವೆ ಗುಂಡಿ ಬಿದ್ದಿತ್ತು. ನಾನು ಒಂದು ಚೀಟಿಯಲ್ಲಿ 'ಲ್ಯಾಟೆಕ್ಸ್ ಹಾಸಿಗೆ, ಆರು ಇಂಚು, ಸ್ವಲ್ಪ ಗಟ್ಟಿ' ಎಂದು ಬರೆದುಕೊಟ್ಟೆ. ಲ್ಯಾಟೆಕ್ಸ್ ಅಂದರೆ ಅಪ್ಪಟ ರಬ್ಬರಿನದ್ದು.

ಮಗ ಮಂಜ ಬಾಡಿಗೆಗೆ ಪಿಕಪ್ ಓಡಿಸುತ್ತಾನೆ. ಅವನು ಅದೇ ದಿನ ಫೋನಿನಲ್ಲಿ ಒಂದು ಹಾಸಿಗೆ ಕಂಪನಿ ಹುಡುಕಿ, ವಾರದೊಳಗೆ ಕೈಯಗಲದ ಸ್ಯಾಂಪಲ್ ತುಂಡೊಂದನ್ನು ಕ್ಲಿನಿಕ್ಕಿನ ವಿಳಾಸಕ್ಕೆ ಅಂಚೆಯಲ್ಲಿ ತರಿಸಿದ್ದ. ನೂರು ದಿನ ಮಲಗಿ ನೋಡಿ, ಬೇಡವಾದರೆ ವಾಪಸ್ ಕೊಡಬಹುದಂತೆ. ನಾನೇ ಕಂಪನಿಗೆ ಫೋನ್ ಮಾಡಿದೆ. ಈರಯ್ಯನವರ ಊರಿನ ಪಿನ್‌ಕೋಡ್ ಕೇಳಿದ ಮೇಲೆ, ಅಲ್ಲಿಗೆ ತಲುಪಿಸುವುದೂ ಇಲ್ಲ, ವಾಪಸ್ ಒಯ್ಯುವುದೂ ಇಲ್ಲ ಎಂದರು. ಹಾಗಿದ್ದರೆ ಸಕಲೇಶಪುರದಲ್ಲೇ ಕೊಳ್ಳೋಣ, ಕೈಯಲ್ಲಿ ಮುಟ್ಟಿ ನೋಡಬಹುದು, ಹೆಚ್ಚುಕಡಿಮೆಯಾದರೆ ಹೋಗಿ ಕೇಳಲು ಎದುರಿಗೊಬ್ಬ ಮನುಷ್ಯ ಇರುತ್ತಾನೆ ಎಂದು ನಾನು ವಾದಿಸಿದೆ. ಮಂಜನ ಜೊತೆ ಅಂಗಡಿಗೂ ಹೋದೆ. ಅಂಗಡಿಯವರು ಕುರ್ಚಿ ಹಾಕಿ ಕೂರಿಸಿದರು, ಜಿಪ್ ತೋರಿಸಿದರು. "ಪಕ್ಕಾ ರಬ್ಬರ್ ಕಣ್ರೀ ಡಾಕ್ಟ್ರಮ್ಮ, ನೀವೇ ಒತ್ತಿ ನೋಡಿ" ಎಂದರು. ನಾನು ಒತ್ತಿ ನೋಡಿದೆ, ಅಷ್ಟೇ.

ಹಾಸಿಗೆ ಬಂದ ಮೂರನೇ ದಿನ ಹೋದಾಗ ಈರಯ್ಯನವರು ಅದರ ಮೇಲೆ ಅಂಗೈ ಊರಿಕೊಂಡು ಕೂತಿದ್ದರು.

"ಇದು ಹಾಲಿನದ್ದಲ್ಲ ಕಣವ್ವ" ಎಂದರು. "ಹಾಲಿನದ್ದಾದ್ರೆ ಎತ್ತುತ್ತೆ. ಇದು ನುಂಗ್ತೈತೆ."

ಬಾಗಿಲಲ್ಲಿ ನಿಂತಿದ್ದ ಮಂಜ ನಕ್ಕ. "ಅಪ್ಪಂಗೆ ಏನ್ ತಂದ್ಕೊಟ್ರೂ ಒಂದು ಕೊಂಕು."

ಹಾಸಿಗೆಗೂ ಹಾಲಿಗೂ ಏನು ಸಂಬಂಧ? ನಾನು ಕೇಳಲಿಲ್ಲ. ನೋವಿನ ಮಾತ್ರೆಗಳಿಂದ ಕೆಲವರಿಗೆ ಮಾತು ಹಳಿ ತಪ್ಪುವುದುಂಟು. ಅವರ ಫೈಲಿನಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದೆ: ಹೊಸ ಹಾಸಿಗೆಗೆ ಹೊಂದಿಕೊಳ್ಳುತ್ತಿದ್ದಾರೆ, ಮಾತಿನಲ್ಲಿ ಸ್ವಲ್ಪ ಗೊಂದಲ.

ಮೂರು ವಾರ ಕಳೆದರೂ ಅವರು ಏಳಲಿಲ್ಲ. ಮಗ್ಗುಲಾಗುವವರೆಗೆ ಸರಿ, ಮೊಣಕೈ ಊರಿದರೆ ಅದು ಹಾಸಿಗೆಯೊಳಗೆ ಇಳಿದು, ಮತ್ತೆ ಅಂಗಾತ ಬೀಳುತ್ತಿದ್ದರು. ಇನ್ನೂ ಪ್ರಯತ್ನ ಮಾಡಿ ಎಂದು ನಾನು ಗದರಿಸಿದ್ದೂ ಇದೆ. ಒಂದು ಮಂಗಳವಾರ ಸವಿತಾ ನನ್ನನ್ನು ಅಡುಗೆಮನೆಗೆ ಕರೆದಳು. ಮಾವ ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ, ರಾತ್ರಿ ಬಚ್ಚಲಿಗೆ ಹೋಗಲು ತನ್ನನ್ನು ಕರೆಯಬೇಕಾಗುತ್ತದಲ್ಲ ಎಂದು, ಅಂದಳು. ಇನ್ನೂ ಹಾಲು ಹಾಲು ಎನ್ನುತ್ತಾರೆಯೇ ಎಂದು ಕೇಳಿದೆ.

ಅವಳು ನನ್ನ ಮುಖ ನೋಡಿದಳು. "ರಬ್ಬರ್ ಮರದ ಹಾಲು ಮೇಡಂ. ಮಾವ ಮದ್ವೆಗೆ ಮುಂಚೆ ಹತ್ತು ವರ್ಷ ಘಾಟಿ ಕೆಳಗೆ ರಬ್ಬರ್ ಕೆತ್ತಿದ್ದವ್ರು. ಚಿಪ್ಪಲ್ಲಿ ಹಾಲು ಹಿಡಿದು, ಶೀಟು ಒತ್ತಿದ್ದವ್ರು. ನಿಮ್ಗೆ ಗೊತ್ತಿಲ್ವ?"

ಲ್ಯಾಟೆಕ್ಸ್ ಎಂದರೆ ಆ ಹಾಲೇ. ನಾನು ಇಂಗ್ಲಿಷಿನಲ್ಲಿ ಬರೆದುಕೊಟ್ಟ ಪದವನ್ನೇ ಅವರು ಕನ್ನಡದಲ್ಲಿ ಹೇಳಿದ್ದರು. ಅದನ್ನು ನಾನು ಗೊಂದಲ ಎಂದು ದಾಖಲಿಸಿದ್ದೆ.

ನನ್ನ ಚೀಲದಲ್ಲಿ ಬ್ಯಾಂಡೇಜ್ ಕತ್ತರಿ ಇರುತ್ತದೆ. ಈರಯ್ಯನವರನ್ನು ಕುರ್ಚಿಯಲ್ಲಿ ಕೂರಿಸಿ, ಜಿಪ್ಪಿನಾಚೆಗಿನ ಹೊಲಿಗೆಯನ್ನು ಒಂದು ಮೊಳದಷ್ಟು ಕತ್ತರಿಸಿದೆ. ಜಿಪ್ಪಿನ ಬಾಯಿಗೆ ಸರಿಯಾಗಿ ಅಂಗೈಯಷ್ಟು ಬಿಳಿ ರಬ್ಬರಿನ ತುಂಡು ಅಂಟಿಸಿದ್ದರು. ಉಳಿದದ್ದೆಲ್ಲ ಹಳದಿ ಸ್ಪಂಜು. ಅದರ ಒಂದು ತುಂಡನ್ನು ಕತ್ತರಿಸಿ ಚೀಲಕ್ಕೆ ಹಾಕಿಕೊಂಡೆ.

ಮಂಜ ಹಾಸಿಗೆಯನ್ನು ಪಿಕಪ್‌ಗೆ ಹಾಕಿದ. ಮಧ್ಯಾಹ್ನ ಮೂರಕ್ಕೆ ಅಂಗಡಿ ತಲುಪಿದೆವು. ಅಲ್ಲಿ ಇನ್ನೊಬ್ಬ ಹೆಂಗಸಿಗೆ ಅದೇ ಬಗೆಯ ಹಾಸಿಗೆ ತೋರಿಸುತ್ತ ಅಂಗಡಿಯವರು, ನಮ್ಮೂರ ಡಾಕ್ಟ್ರಮ್ಮನೇ ನೋಡಿ ಒಪ್ಪಿಕೊಂಡು ಹೋಗಿದ್ದಾರೆ ಎನ್ನುತ್ತಿದ್ದರು. ನಾನು ಹಿಂದೆಯೇ ನಿಂತಿದ್ದೆ. ಅಷ್ಟು ಸಿಟ್ಟು ನನಗೆ ಹಿಂದೆಂದೂ ಬಂದಿರಲಿಲ್ಲ. ದನಿ ಮಾತ್ರ ಏರಿಸಲಿಲ್ಲ. ಹಳದಿ ಸ್ಪಂಜಿನ ತುಂಡನ್ನು ಆ ಹೆಂಗಸಿನ ಕೈಗೆ ಕೊಟ್ಟು, ನಾನು ಒಪ್ಪಿದ್ದು ಇದನ್ನು ಎಂದೆ.

"ಈ ಕಡೆ ಸ್ಪಂಜಿಗೂ ರಬ್ಬರ್ ಅಂತ್ಲೇ ಅನ್ನೋದು ಮೇಡಂ" ಎಂದರು ಅಂಗಡಿಯವರು. "ಬಿಲ್ಲಲ್ಲೂ ರಬ್ಬರ್ ಬೆಡ್ ಅಂತ್ಲೇ ಐತೆ. ನಾನೇನ್ ಸುಳ್ಳು ಹೇಳಿದ್ನಾ?"

"ಎರಡೂ ಒಂದೇ ಆಗಿದ್ದರೆ, ಜಿಪ್ಪಿನ ಹತ್ತಿರ ಬೇರೆ ತುಂಡು ಅಂಟಿಸಿದ್ದು ಯಾಕೆ?"

ಕಂಪನಿಯಿಂದ ಬಂದದ್ದೇ ಹಾಗೆ ಎಂದರು. ಯಾವ ಕಂಪನಿ ಎಂದರೆ ಬಿಲ್ ಪುಸ್ತಕ ಮುಚ್ಚಿಟ್ಟರು. ಗ್ರಾಹಕರ ಆಯೋಗಕ್ಕೆ ದೂರು ಬರೆಯಲು ನಾನು ಅಲ್ಲೇ ಕಾಗದ ತೆಗೆದ ಮೇಲೆ ಹಾಸಿಗೆ ಇಳಿಸಿಕೊಂಡು ಹಣ ವಾಪಸ್ ಕೊಟ್ಟರು. ಆ ಹೆಂಗಸು ಕೊಳ್ಳದೆ ಹೊರಟರು. ದೂರನ್ನು ನಾನು ಆಮೇಲೆ ಕಳಿಸಿಯೂ ಕಳಿಸಿದೆ.

ಹೊರಗೆ ಮಂಜ ಪಿಕಪ್‌ಗೆ ಒರಗಿ ನಿಂತಿದ್ದ. "ಈಗ್ಲಾದ್ರೂ ಹೇಳಿ ಮೇಡಂ. ಇನ್ನೊಂದು ಅಂಗಡಿ ನೋಡೋದಾ, ಫೋನಲ್ಲೇ ತರಿಸೋದಾ?" ಅವನ ದನಿ ಚುಚ್ಚುವಂತಿತ್ತು, ತಪ್ಪೇನಲ್ಲ. ನಿಮ್ಮ ಅಪ್ಪನನ್ನು ಕೇಳೋಣ ಎಂದೆ. ಅಂಚೆಯಲ್ಲಿ ಬಂದ ಆ ಸ್ಯಾಂಪಲ್ ತುಂಡು ಎಲ್ಲಿದೆ ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡು ಪಿಕಪ್‌ನ ಬಾಗಿಲು ತೆರೆದ. ಸ್ಟೇರಿಂಗ್ ಮುಂದೆ, ಫೋನು ಜಾರದಂತೆ ಅದರ ಕೆಳಗೆ ಇಟ್ಟುಕೊಂಡಿದ್ದ.

ಮೋಸ ಅಂಗಡಿಯವರದ್ದು, ಅದನ್ನು ನಾನು ಕ್ಷಮಿಸಿಲ್ಲ. ಆದರೆ ಆ ಮೂರು ವಾರಗಳು ನನ್ನವು. ಊರಿನ ಅಂಗಡಿಯೋ ಆನ್‌ಲೈನೋ ಎಂದು ನಾನೂ ಮಂಜನೂ ಅಷ್ಟು ವಾದಿಸಿದೆವು. ಅದರ ಮೇಲೆ ಮಲಗುವವರಿಗೆ ರಬ್ಬರಿನ ವಿಷಯ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತಿತ್ತು. ರೋಗಿಯ ಮಾತು ನನಗೆ ಅರ್ಥವಾಗದಿದ್ದರೆ ಕೊರತೆ ನನ್ನದಿರಬಹುದು ಎಂದು ಈಗ ಮೊದಲು ಯೋಚಿಸುತ್ತೇನೆ.

ಮರುದಿನ ಬೆಳಿಗ್ಗೆ ಎಂಟಕ್ಕೆ ಕ್ಲಿನಿಕ್ಕಿನ ಬಾಗಿಲು ತೆಗೆದು, ಈರಯ್ಯನವರ ಫೈಲಿನಲ್ಲಿ 'ಗೊಂದಲ' ಎಂಬ ಸಾಲನ್ನು ಹೊಡೆದುಹಾಕಿದೆ. ಅದರ ಕೆಳಗೆ ಅವರು ಹೇಳಿದ್ದನ್ನು ಹೇಳಿದ ಹಾಗೇ ಕನ್ನಡದಲ್ಲಿ ಬರೆದು ಸಹಿ ಹಾಕಿದೆ. ಆಮೇಲೆ ಬೆಳಗೋಡಿನ ಬಸ್ಸು ಹತ್ತಿದೆ. ಸ್ಯಾಂಪಲ್ ತುಂಡನ್ನು ಅವರ ಕೈಗೆ ಕೊಟ್ಟು ಎದುರಿಗೆ ಕೂತೆ. ಅವರು ಮೂಸಿದರು, ಹೆಬ್ಬೆರಳಿಂದ ಒತ್ತಿ ಬಿಟ್ಟರು, ಮತ್ತೆ ಒತ್ತಿದರು.

"ಇದು ಹಾಲು" ಎಂದರು. "ತರಿಸವ್ವ."

ಅಲ್ಲೇ ಕೂತು ಫೋನಿನಲ್ಲಿ ಆರ್ಡರ್ ಮಾಡಿದೆ. ತಲುಪಿಸಬೇಕಾದ ವಿಳಾಸ ಕೇಳಿತು. ಸಕಲೇಶಪುರದಿಂದ ಮನೆಗೆ ತರಲು ಮಂಜನ ಪಿಕಪ್ ಇತ್ತು. ಮೊದಲ ದಿನವೇ ಕೊಡಬಹುದಾಗಿದ್ದ ನನ್ನ ಕ್ಲಿನಿಕ್ಕಿನ ವಿಳಾಸವನ್ನು ಬರೆದೆ.