ಚಿಲಕದಕ್ಕ ಬರೆದ ಎರಡು ಕಾಗದ

ಮನೆಗೆ ಬೀಗ ಹಾಕಿ ಮೂರು ಸಲ ಜಗ್ಗಿ ನೋಡಿ, ಬೀದಿಯ ತಿರುವಿನವರೆಗೆ ಹೋಗಿ, ವಾಪಸು ಬಂದು ನಾಲ್ಕನೇ ಸಲ ಜಗ್ಗುವವಳಿಗೆ ಓಣಿಯವರು ಚಿಲಕದಕ್ಕ ಎಂದು ಹೆಸರಿಟ್ಟಿದ್ದರಲ್ಲಿ ತಪ್ಪೇನಿಲ್ಲ. "ಬೆಳಗಾಯ್ತು ಅಂದ್ರೂ ಕಿಟಕಿ ತೆಗೆದು ನೋಡಿಯೇ ನಂಬೋದು ಇವಳು," ಎಂದು ಗಂಡ ನಗುತ್ತಿದ್ದ. ಅವಳಿಗೆ ಮಾತ್ರ ಅದು ಹೆಮ್ಮೆಯ ವಿಷಯ. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಹದಿನಾಲ್ಕು ಕಂಪ್ಯೂಟರ್‌ಗಳನ್ನು ಹನ್ನೊಂದು ವರ್ಷ ಅವಳು ಸಾಕಿದ್ದು ಅನುಮಾನದಿಂದಲೇ.

ಹನ್ನೊಂದನೇ ವರ್ಷ ಮಧ್ಯಾಹ್ನ ಒಂದರ ಹೊತ್ತಿಗೆ ಒಂದೆರಡು ಕಂಪ್ಯೂಟರ್‌ಗಳು ನೆಟ್‌ವರ್ಕ್‌ನಿಂದ ಮಾಯವಾಗತೊಡಗಿದವು. ಫಲಿತಾಂಶ ಡಾಕ್ಟರಿಗೆ ತಲುಪದೆ, ಬೆಂಚಿನ ಮೇಲೆ ಕಾದವರು ಗೊಣಗುತ್ತಿದ್ದರು. ಅದೇ ಒಂದು ಗಂಟೆಗೆ, ಊಟ ಮುಗಿಸಿ ಹಲ್ಲಿನಲ್ಲಿ ಕಡ್ಡಿ ಆಡಿಸುತ್ತ, ಎಲ್ಲ ಕಂಪ್ಯೂಟರಿನ ತಂತಿಗಳೂ ಸೇರುವ ಬೀರು ತೆಗೆಯುತ್ತಿದ್ದವನು ಲ್ಯಾಬಿನ ಎಲೆಕ್ಟ್ರಿಷಿಯನ್. ಜೇಬಿನಲ್ಲಿ ಸದಾ ಇಕ್ಕಳ ಇರುತ್ತಿದ್ದರಿಂದ ಎಲ್ಲರ ಬಾಯಲ್ಲೂ ಅವನು ಇಕ್ಕಳನೇ. ಚಿಲಕದಕ್ಕನ ತಲೆಗೆ ಹುಳ ಹೊಕ್ಕಿತು. ಎಂಟು ದಿನ ಗಂಟೆ, ನಿಮಿಷ ಬರೆದಿಟ್ಟು, ಒಂಬತ್ತನೇ ದಿನ ಮ್ಯಾನೇಜರಿಗೆ ದೂರು ಬರೆದುಕೊಟ್ಟಳು: ಎಲೆಕ್ಟ್ರಿಷಿಯನ್ ಬೀರು ಮುಟ್ಟಿದಾಗಲೇ ಕಂಪ್ಯೂಟರ್ ಬೀಳುತ್ತದೆ. ತಿಂಗಳ ಕೊನೆಗೆ ಅವನನ್ನು ಕೆಲಸದಿಂದ ತೆಗೆಯುವುದೆಂದು ಮ್ಯಾನೇಜರ್ ತೀರ್ಮಾನಿಸಿದ.

ಬೀರಿನ ಕೀಲಿ ಒಪ್ಪಿಸಲು ಬಂದ ಇಕ್ಕಳ ಬಾಗಿಲಲ್ಲೇ ನಿಂತ.

"ಅಮ್ಮಾ, ನಾನು ಬೀರು ತೆಗೆದಿದ್ದಕ್ಕೆ ಅಂದ್ರೆ ಹದಿನಾಲ್ಕೂ ಬೀಳ್ಬೇಕಲ್ವಾ? ನೀವು ಬೆಳಿಗ್ಗೆ ಕೂತು ಕುಟ್ಟಿದ್ದು ಮಾತ್ರ ಯಾಕೆ ಬೀಳುತ್ತೆ?"

ಅವಳಿಗೆ ಮೈಯೆಲ್ಲ ಉರಿಯಿತು. "ನನಗೇ ಬುದ್ಧಿ ಹೇಳೋಕೆ ಬಂದ್ಯಾ?" ಎಂದು ಕೀಲಿ ಕಿತ್ತುಕೊಂಡಳು. ಆದರೆ ಅವಳ ಅನುಮಾನ ಎಂಥ ಹಟಮಾರಿಯೆಂದರೆ, ಸಂಜೆಯ ಹೊತ್ತಿಗೆ ಅದು ಅವಳ ಕಡೆಗೇ ತಿರುಗಿ ಕೂತಿತ್ತು.

ನೆಟ್‌ವರ್ಕ್‌ನಲ್ಲಿ ಕಂಪ್ಯೂಟರಿನ ವಿಳಾಸ ಅದರ ಸ್ವಂತದ್ದಲ್ಲ, ಎರವಲು. ವಿಳಾಸ ಹಂಚುವ ರೂಟರ್ ಎಂಬ ಪೆಟ್ಟಿಗೆ ಎರಡು ಗಂಟೆಯ ಗಡುವು ಕೊಡುತ್ತದೆ, ಅದು ಮುಗಿಯುವ ಮೊದಲೇ ಮತ್ತೆ ಮುಂದೂಡುತ್ತದೆ. ಚಿಲಕದಕ್ಕನಿಗೆ ರೂಟರ್ ಮೇಲೂ ನಂಬಿಕೆಯಿಲ್ಲ. ಆ ವರ್ಷದಿಂದ, ದಿನವೂ ಹನ್ನೊಂದರ ಚಹಾ ಕುಡಿದು, ತೀರಾ ಮುಖ್ಯವೆನಿಸಿದ ಒಂದೆರಡು ಕಂಪ್ಯೂಟರ್‌ಗಳ ಮುಂದೆ ಕೂತು, ವಿಳಾಸವನ್ನು ಕೈಯಾರೆ 'ಶಾಶ್ವತ' ಮಾಡತೊಡಗಿದ್ದಳು.

ಮರುದಿನ ಇಕ್ಕಳನನ್ನು ಕರೆದು ಎದುರಿಗೆ ಕೂರಿಸಿದಳು. "ಎರಡೂ ಕೈ ಮೇಜಿನ ಮೇಲಿರಲಿ," ಎಂದಳು. ಒಂದು ಗಂಟೆ ನಾಲ್ಕು ನಿಮಿಷಕ್ಕೆ, ಬೆಳಿಗ್ಗೆ ಅವಳು ಶಾಶ್ವತ ಮಾಡಿದ ವಿಳಾಸ ಕಣ್ಣೆದುರೇ ಅಳಿಸಿಹೋಯಿತು. ಯಾರೂ ಮುಟ್ಟದ ಪಕ್ಕದ ಕಂಪ್ಯೂಟರ್ ಗುಂಡುಕಲ್ಲಿನಂತೆ ಕೂತಿತ್ತು. ಅವನು ಮಾತ್ರ ಆಮೇಲೂ ಮೇಜಿನ ಮೇಲಿನ ಕೈ ತೆಗೆಯಲಿಲ್ಲ. ಅವಳಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಕಂಪ್ಯೂಟರನ್ನು ಒಳಗಿನಿಂದ ನಡೆಸುವ ಕರ್ನಲ್ ಎಂಬ ಮೂಲ ತಂತ್ರಾಂಶದ ಸಾಲುಗಳನ್ನು ಮೂರು ದಿನ ಅಕ್ಕಿಯಲ್ಲಿ ಕಲ್ಲು ಹುಡುಕುವಂತೆ ಹುಡುಕಿದಳು. ಸಿಕ್ಕಿತು. ಶಾಶ್ವತವೆಂದು ಗುರುತು ಹಾಕಿದೊಡನೆ ಕರ್ನಲ್ ರೂಟರ್ ಕೊಡುವ ಹೊಸ ಗಡುವನ್ನು ಒಪ್ಪುವುದನ್ನು ನಿಲ್ಲಿಸುತ್ತಿತ್ತು, ಆದರೆ ಹಳೆಯ ಗಡುವನ್ನು ಅಳಿಸಲು ಮರೆಯುತ್ತಿತ್ತು; ಹನ್ನೊಂದರ ಗಡುವು ಒಂದಕ್ಕೆ ಮುಗಿದು ವಿಳಾಸ ಅಳಿಸಿಹೋಗುತ್ತಿತ್ತು. ಎರಡು ಸಾಲು ಸೇರಿಸಿದಳು. ಒಂದು ವಾರ ಯಾವುದೂ ಬೀಳಲಿಲ್ಲ. ಮ್ಯಾನೇಜರ್ ಎದುರು ನಿಂತು, "ತಪ್ಪು ನನ್ನದೇ," ಎಂದಳು. ಇಕ್ಕಳನ ಕೆಲಸ ಉಳಿಯಿತು.

ಆ ಕರ್ನಲ್ ಯಾರೊಬ್ಬರ ಸ್ವತ್ತೂ ಅಲ್ಲ. ತಿದ್ದಿದವರು ಅದನ್ನು ನೋಡಿಕೊಳ್ಳುವವರಿಗೆ ಬರೆದು ಕಳಿಸಬೇಕು. ಕೊನೆಯಲ್ಲಿ, ದೋಷವನ್ನು ಮೊದಲು ತೋರಿಸಿದವರ ಹೆಸರಿಗೆ ಒಂದು ಸಾಲು ಇಡುವುದು ಅಲ್ಲಿಯ ರೂಢಿ. ಅಲ್ಲಿಗೆ ಬಂದು ಅವಳ ಕೈ ನಿಂತಿತು. ಇಕ್ಕಳ ಎಂದು ಬರೆಯಲಾದೀತೇ? ಇಷ್ಟು ವರ್ಷ ಜೊತೆಗಿದ್ದವನ ಹೆಸರು ಅವಳಿಗೆ ಗೊತ್ತಿರಲಿಲ್ಲ. ಪತ್ರದ ಪ್ರತಿಯನ್ನೂ ಬೀರಿನ ಕೀಲಿಯನ್ನೂ ಹಿಡಿದು ಹೋದಳು. ಅವನು ಏಣಿಯ ಮೇಲಿದ್ದ.

"ನಿನ್ನ ಪೂರ್ತಿ ಹೆಸರೇನು?"

"ಯಾಕೆ?"

"ಒಂದು ಕಡೆ ಬರೀಬೇಕು. ಒಳ್ಳೇದಕ್ಕೇನೇ. ತಪ್ಪು ಕಂಡುಹಿಡಿದಿದ್ದು ನೀನು ಅಂತ."

ಅವನು ಅವಳ ಮುಖ ನೋಡಿದ, ಕೈಯಲ್ಲಿದ್ದ ಕಾಗದ ನೋಡಿದ, ಮತ್ತೆ ಮುಖ ನೋಡಿದ. ತಾನು ಬೀಗ ಜಗ್ಗುವಾಗಿನ ನೋಟವೇ ಅದು ಎಂದು ಅವಳಿಗೆ ಗೊತ್ತಾಯಿತು.

"ಹೋದ ಸಲ ನನ್ನ ಮೇಲೆ ಬರೆಯೋವಾಗ ಹೆಸರು ಬೇಕಾಗಿರ್ಲಿಲ್ವಲ್ಲಮ್ಮಾ," ಎಂದ. "ಈ ಸಲಾನೂ ಹಾಗೇ ಬರ್ಕೊಳ್ಳಿ."

ಅವನು ಬಲ್ಬಿನ ಕಡೆ ತಿರುಗಿದ. ಅವಳು ಕೀಲಿಯನ್ನು ಏಣಿಯ ಕೆಳಗಿನ ಮೆಟ್ಟಿಲ ಮೇಲಿಟ್ಟು ಹೊರಟಳು. ಬಾಗಿಲು ದಾಟುವಾಗ, ಅವನು ಅದನ್ನು ಎತ್ತಿಕೊಂಡನೋ ಇಲ್ಲವೋ ಎಂದು ತಿರುಗಿ ನೋಡಬೇಕೆನಿಸಿತು. ನೋಡಲಿಲ್ಲ.